ಕಮ್ಮಿ ಅಂದರೆ ಒಳ್ಳೇ ಸುದ್ದಿ

ಮೈಕಮ್ಮನಿಗೆ ಆ ಹೆಸರು ಇಟ್ಟವರು ಬಸ್ ನಿಲ್ದಾಣದ ಡ್ರೈವರುಗಳು. ಗಾಜಿನ ಕಿಟಕಿಯ ಹಿಂದಿನ ಪುಟ್ಟ ಕೋಣೆಯಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರಮ್ಮಿಗೆ ಬರುತ್ತದೆ, ಯಾವುದು ತಡ, ಯಾವುದು ರದ್ದು ಎಂದು ಹೇಳುತ್ತ ಹೇಳುತ್ತಲೇ ಆಕೆಯ ತಲೆ ಬೆಳ್ಳಗಾಗಿತ್ತು. ನಿವೃತ್ತಿಯಾದಾಗ ಮೈಕು ನಿಲ್ದಾಣದಲ್ಲೇ ಉಳಿಯಿತು, ದನಿ ಮಾತ್ರ ಮನೆಗೆ ಬಂತು. ಅಡುಗೆಮನೆಯಲ್ಲಿ ನಿಂತು ಆಕೆ 'ಕಾಫಿ ಆಯ್ತು' ಎಂದರೆ ಎದುರುಮನೆಯವರೂ ಲೋಟ ಹುಡುಕಬೇಕು. ಬೀದಿಯಲ್ಲಿ ಯಾರಿಗೆ ಗಂಡು ಗೊತ್ತಾಯಿತು, ಯಾರ ಮನೆಯ ಬೆಕ್ಕು ಎಷ್ಟು ಮರಿ ಹಾಕಿತು, ಎಲ್ಲವೂ ಮೊದಲು ಆಕೆಯ ಬಾಯಿಂದಲೇ ಹೊರಡಬೇಕು. ಈಕೆಯ ಬಾಯಿಗೆ ಬೀಗವಿಲ್ಲ ಎಂದು ಜನ ನಗುತ್ತಿದ್ದರು. ಆಕೆಗೆ ಅದು ಬಿರುದಿನ ಹಾಗೆ ಕೇಳಿಸುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ಆಕೆಯನ್ನು ಯಾರೂ ಆಡಿಕೊಳ್ಳುವಂತಿರಲಿಲ್ಲ. ಆಕೆ ಸುದ್ದಿ ತಪ್ಪು ಹೇಳುವವಳಲ್ಲ. ಅಪ್ಪಿತಪ್ಪಿ ಹೇಳಿದರೂ ನಿಲ್ದಾಣದಲ್ಲಿ ಅದಕ್ಕೊಂದು ಕಟ್ಟಳೆ ಇತ್ತು: ತಪ್ಪು ಹೇಳಿದ ಬಾಯೇ ತಿದ್ದಬೇಕು, ಅದೇ ಮೈಕಿನಲ್ಲಿ, ಅದೇ ದನಿಯಲ್ಲಿ, ಎರಡು ಸಲ. ಪಕ್ಕದವಳ ಕೈಗೆ ಮೈಕು ಕೊಟ್ಟು ಜಾರಿಕೊಳ್ಳುವಂತಿಲ್ಲ. ಒಂದೇ ಸಲ ಹೇಳಿದರೆ ಗಂಟುಮೂಟೆ ಹೊತ್ತು ಓಡುವವರ ಕಿವಿಗೆ ಬೀಳುವುದಿಲ್ಲ. ಮೆಲ್ಲಗೆ ಹೇಳಿದರೆ ಅದು ತಿದ್ದಿದಂತಲ್ಲ, ಮುಚ್ಚಿಟ್ಟಂತೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರಿಗೆ ಮೈಕಮ್ಮ ಮೊದಲು ಕಲಿಸುತ್ತಿದ್ದದ್ದೇ ಇದನ್ನು.

ಆಕೆಯ ಸೊಸೆ ಇದಕ್ಕೆ ತದ್ವಿರುದ್ಧ. ಬೇಕರಿಯೊಂದರಲ್ಲಿ ಕೇಕುಗಳ ಮೇಲೆ ಕ್ರೀಮಿನ ಹೂ ಬಿಡಿಸುವುದು ಅವಳ ಕೆಲಸ. ಕೈ ಎಷ್ಟು ಚುರುಕೋ ಬಾಯಿ ಅಷ್ಟೇ ಸೋಮಾರಿ. ಅತ್ತೆ ಒಂದು ಪುರಾಣ ಮುಗಿಸಿದರೆ ಸೊಸೆ 'ಹೂಂ' ಎನ್ನುತ್ತಿದ್ದಳು, ಅಷ್ಟೇ. ನಿದ್ದೆಯಲ್ಲಿ ಕರೆದರೂ ಹೂಂ, ಎಚ್ಚರದಲ್ಲಿ ಕರೆದರೂ ಹೂಂ. ಲಿಫ್ಟ್ ರಿಪೇರಿಯ ಕೆಲಸ ಮಾಡುವ ಮಗ, ಇವರಿಬ್ಬರ ನಡುವೆ ಕೂತು ಊಟ ಮಾಡುವಾಗ, ನಮ್ಮ ಮನೆಯಲ್ಲಿ ಸರಾಸರಿ ಮಾತು ಸರಿಯಾಗಿದೆ ಎಂದು ತಮಾಷೆ ಮಾಡುತ್ತಿದ್ದ.

ಸೊಸೆಗೆ ಆರು ತಿಂಗಳು ತುಂಬುವ ಹೊತ್ತಿಗೆ ಸಿಹಿನೀರು ಕುಡಿಸಿ ರಕ್ತ ಪರೀಕ್ಷೆ ಮಾಡಿದರು. ಸಕ್ಕರೆ ಏರಿತ್ತು. ಬಸುರಿನಲ್ಲಿ ಕೆಲವರಿಗೆ ಹೀಗಾಗುತ್ತದೆ, ಹೆರಿಗೆಯಾದ ಮೇಲೆ ಬಹಳ ಮಟ್ಟಿಗೆ ತಾನಾಗಿಯೇ ಇಳಿಯುತ್ತದೆ, ಅಲ್ಲಿಯವರೆಗೆ ಊಟ, ನಡಿಗೆ, ತಪಾಸಣೆ ಕಟ್ಟುನಿಟ್ಟಾಗಿರಲಿ ಎಂದರು ಡಾಕ್ಟರು. 'ಕಟ್ಟುನಿಟ್ಟು' ಎಂಬ ಮಾತು ಮೈಕಮ್ಮನ ಕಿವಿಗೆ ಬಿದ್ದದ್ದೇ ತಡ, ಮನೆಯ ಸಕ್ಕರೆ ಡಬ್ಬಿ ಅಟ್ಟ ಸೇರಿತು. ಮಗ ಸಪ್ಪೆ ಕಾಫಿ ಕುಡಿದು ಮುಖ ಕಿವುಚಿದ. ಬಂದ ನೆಂಟರೂ ಸಪ್ಪೆ ಕುಡಿದು, ಮತ್ತೆ ಬರುವುದನ್ನೇ ಕಡಿಮೆ ಮಾಡಿದರು.

ಸೊಸೆ ಬೆರಳಿಗೆ ಸೂಜಿ ಚುಚ್ಚಿ ಪುಟ್ಟ ಯಂತ್ರದಲ್ಲಿ ಸಕ್ಕರೆ ನೋಡಿಕೊಳ್ಳುವಾಗ ಅತ್ತೆ ಕನ್ನಡಕ ಏರಿಸಿಕೊಂಡು ಪಕ್ಕದಲ್ಲೇ ನಿಂತಿರುತ್ತಿದ್ದಳು. ಕಮ್ಮಿ ಬಂತೋ, ಅಡುಗೆಮನೆಯ ಕಿಟಕಿಗೆ ಬಾಯಿಟ್ಟು ಹಳೆಯ ದನಿ ತೆಗೆಯುತ್ತಿದ್ದಳು: "ಪ್ರಯಾಣಿಕರ ಗಮನಕ್ಕೆ! ನಮ್ಮ ಸೊಸೆಯ ಸಕ್ಕರೆ ಇವತ್ತು ಕಮ್ಮಿ!" ಎದುರುಮನೆಯ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ಚಪ್ಪಾಳೆ ತಟ್ಟುತ್ತಿದ್ದ. ಸೊಸೆ ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಜಾಸ್ತಿ ಬಂದ ದಿನ ಮನೆಯೊಳಗೆ ಬಸ್ ಮುಷ್ಕರದ ಮೌನ. ಹೀಗೆ ದಿನ ಕಳೆದ ಹಾಗೆ ಎರಡು ಮಾತುಗಳ ಅರ್ಥ ಆ ಮನೆಯಲ್ಲಿ ಕಲ್ಲಿನಲ್ಲಿ ಕೆತ್ತಿದಂತಾಯಿತು. ಜಾಸ್ತಿ ಅಂದರೆ ಕೆಟ್ಟದ್ದು, ಕಮ್ಮಿ ಅಂದರೆ ಒಳ್ಳೇದು.

ಹೆರಿಗೆಗೆ ಮುಂಚಿನ ತಿಂಗಳು ಒಂದು ಸಂಜೆ ಯಂತ್ರದಲ್ಲಿ ಜಾಸ್ತಿ ಬಂತು. ಸೊಸೆಯ ರವಿಕೆಯ ತೋಳಿನ ಅಂಚಿನಲ್ಲಿ ಗುಲಾಬಿ ಬಣ್ಣದ ಕ್ರೀಮು ಒಣಗಿ ಅಂಟಿಕೊಂಡಿತ್ತು. ಕ್ರೀಮಿನ ಕೆಲಸ ಮಾಡುವವಳ ಬಟ್ಟೆಗೆ ಕ್ರೀಮು ಅಂಟದೆ ಇನ್ನೇನು ಗ್ರೀಸು ಅಂಟುತ್ತದೆಯೇ? ಆದರೆ ಮೈಕಮ್ಮನಿಗೆ ಅಷ್ಟು ಯೋಚಿಸುವ ವ್ಯವಧಾನ ಎಲ್ಲಿತ್ತು.

"ನಿನ್ನ ನಾಲಿಗೆ ಚಪಲಕ್ಕೆ ಆ ಮಗು ಅನುಭವಿಸುತ್ತೆ, ನೋಡ್ತಿರು," ಎಂದುಬಿಟ್ಟಳು.

ಸೊಸೆ ಆ ದಿನ ಹೂಂ ಕೂಡ ಅನ್ನಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಲಗುವ ಮುಂಚೆ ಮೈಕಮ್ಮ ಸೊಸೆಯ ಊದಿದ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಒತ್ತಿದಳು, ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕಾಲು ಒತ್ತಿದರೆ ಮಾತು ತಿದ್ದಿದ ಹಾಗೆ ಎಂದುಕೊಂಡಳು.

ಮಗು ಹುಟ್ಟಿದ್ದು ಬೆಳ್ಳಂಬೆಳಗ್ಗೆ. ಹೆಣ್ಣು. ದುಂಡಗೆ, ಕೆಂಪಗೆ, ಕೆನ್ನೆಯೋ ಕತ್ತೋ ಗೊತ್ತಾಗದಷ್ಟು ತುಂಬಿಕೊಂಡಿತ್ತು. ಹೆರಿಗೆ ಕೋಣೆಯ ಆಯಾ ಅದನ್ನು ಕೈಗೆ ಕೊಡುವಾಗ, "ತಗೊಳ್ಳಿ ಅಜ್ಜೀ, ಎರಡು ಮಗೂನ ತೂಕ ಒಂದರಲ್ಲೇ ಇದೆ," ಎಂದಳು. ಅಜ್ಜಿ ಎಂದು ಕರೆಸಿಕೊಂಡದ್ದು ಅದೇ ಮೊದಲು. ಮೈಕಮ್ಮನ ಕಣ್ಣು ತುಂಬಿಬಂತು. ದಾದಿ ಮಗುವಿನ ಹಿಮ್ಮಡಿಗೆ ಸಣ್ಣಗೆ ಚುಚ್ಚಿ ಒಂದು ಹನಿ ರಕ್ತ ತೆಗೆದು ನೋಡಿದಳು, ಸದ್ಯಕ್ಕೆ ಪರವಾಗಿಲ್ಲ ಎಂದಳು, ಸೊಸೆಯ ಎದೆಗೆ ಹಚ್ಚಿ ಹಾಲು ಕುಡಿಸಿದಳು. ಹಿಂದಿನ ದಿನವಿಡೀ ನೋವು ತಿಂದು, ಹೊಲಿಗೆ ಹಾಕಿಸಿಕೊಂಡು ಬಂದ ಸೊಸೆ ಆಮೇಲೆ ಸತ್ತವಳ ಹಾಗೆ ನಿದ್ದೆಹೋದಳು. ಯಾವುದೋ ಕಟ್ಟಡದಲ್ಲಿ ಲಿಫ್ಟು ಸಿಕ್ಕಿಕೊಂಡು ಒಳಗೆ ಜನ ಇದ್ದಾರೆಂದು ಫೋನು ಬಂದು, ಬೇಗ ಬರ್ತೀನಿ ಎಂದು ಮಗ ಓಡಿದ. ವಾರ್ಡಿನ ಹಸಿರು ಪರದೆಯ ಒಳಗೆ ಉಳಿದವರು ಮಲಗಿದ ಇಬ್ಬರು ಮತ್ತು ಮೈಕಮ್ಮ.

ಬಿಸಿಲು ಕಿಟಕಿಯ ಸರಳು ದಾಟಿ ಹಾಸಿಗೆಯ ಕಾಲಿಗೆ ಬಂದಾಗ ದಾದಿ ಮತ್ತೆ ಬಂದಳು. ಗಾಲಿ ತೊಟ್ಟಿಲಿನಲ್ಲಿದ್ದ ಮಗುವಿನ ಹಿಮ್ಮಡಿಗೆ ಚುಚ್ಚಿದಳು, ಯಂತ್ರ ನೋಡಿದಳು.

"ಅಜ್ಜೀ, ಮಗೂಗೆ ಶುಗರ್ ಸ್ವಲ್ಪ ಕಮ್ಮಿ ಬಂದಿದೆ. ಇವರನ್ನ ಎಬ್ಬಿಸಿ, ಈಗಲೇ ಹಾಲು ಕೊಡಲಿ. ಮಗು ಮಲಗಿದೆ ಅಂತ ಬಿಡಬೇಡಿ, ಎಬ್ಬಿಸಿಯಾದ್ರೂ ಕುಡಿಸ್ಬೇಕು. ನಾನು ಬಂದು ಇನ್ನೊಂದ್ಸಲ ನೋಡ್ತೀನಿ."

ಹಾಗೆನ್ನುತ್ತಲೇ ಸೊಸೆಯ ಭುಜ ಅಲುಗಿಸಿದಳು. "ಕೇಳಿಸ್ತಾ? ಮಗೂಗೆ ಹಾಲು."

"ಹೂಂ," ಎಂದಳು ಸೊಸೆ.

ಅದು ಎಂಥ ಹೂಂ ಎಂದು ದಾದಿಗೆ ಏನು ಗೊತ್ತು? ಹೆರಿಗೆ ಕೋಣೆಯಿಂದ ಯಾರೋ ಜೋರಾಗಿ ಕೂಗಿದರು, ದಾದಿ ಓಡಿದಳು. ಸೊಸೆ ಮಗ್ಗುಲು ಬದಲಿಸಿ ಮತ್ತೆ ನಿದ್ದೆಗೆ ಜಾರಿದಳು.

ಆ ಹೂಂನ ಅರ್ಥ ಮೈಕಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ದಾದಿ ಹೇಳಿದ್ದೆಲ್ಲ ಕಿವಿಗೆ ಬಿದ್ದೂ ಇತ್ತು. ಆದರೆ ಮನಸ್ಸು 'ಕಮ್ಮಿ' ಎಂಬಲ್ಲಿಗೇ ನಿಂತು ಕುಣಿಯತೊಡಗಿತ್ತು. ತಾಯಿಯ ಸಕ್ಕರೆ ಮಗುವಿಗೆ ಹತ್ತಿಬಿಟ್ಟಿದ್ದರೆ ಎಂಬ ಹೆದರಿಕೆಯಲ್ಲೇ ಆಕೆ ಇಷ್ಟು ದಿನ ಬೆಂದಿದ್ದಳು. ಸದ್ಯ, ಹತ್ತಲಿಲ್ಲ! ಅಟ್ಟ ಸೇರಿದ ಡಬ್ಬಿ, ಸಪ್ಪೆ ಕಾಫಿ, ಮುನಿದ ನೆಂಟರು, ಎಲ್ಲವೂ ಸಾರ್ಥಕವಾಯಿತು. ಇನ್ನು ಎಬ್ಬಿಸುವ ಮಾತು. ಆಕೆ ಸೊಸೆಯ ಕಣ್ಣಿನ ಕೆಳಗಿನ ಕಪ್ಪು ನೋಡಿದಳು, ಮಗುವಿನ ಮುಚ್ಚಿದ ರೆಪ್ಪೆ ನೋಡಿದಳು. ಮಲಗಿದ ಕೂಸನ್ನು ಎಬ್ಬಿಸಬಾರದು ಎಂದು ಆಕೆಯ ಅಮ್ಮ ಹೇಳುತ್ತಿದ್ದಳು. ಹಸಿದರೆ ಅದೇ ಅಳುತ್ತದೆ. ಆಸ್ಪತ್ರೆಯವರು ಹೇಳುವುದನ್ನೆಲ್ಲ ಕೇಳುತ್ತ ಕೂತರೆ ಬಾಣಂತಿ ಬದುಕಿದ ಹಾಗೆಯೇ. ಇನ್ನೊಂದು ಗಳಿಗೆ ಮಲಗಲಿ ಎಂದು ಪರದೆ ಸರಿಸಿ ಬಿಸಿಲು ಮರೆಮಾಡಿ, ಫೋನು ಹಿಡಿದು ಕಾರಿಡಾರಿಗೆ ಬಂದಳು.

ಮೊದಲು ನಾದಿನಿಗೆ, ಆಮೇಲೆ ನಿಲ್ದಾಣದ ಹಳೆಯ ಗೆಳತಿಗೆ, ಆಮೇಲೆ ಎದುರುಮನೆಯ ದರ್ಜಿಗೆ. "ಪ್ರಯಾಣಿಕರ ಗಮನಕ್ಕೆ! ಮೊಮ್ಮಗಳು ಬಂದಳು! ಶುಗರ್ರೂ ಕಮ್ಮಿಯಂತೆ, ಈಗಷ್ಟೇ ಸಿಸ್ಟರ್ ಹೇಳಿ ಹೋದ್ರು! ನಾನು ಕಾವಲು ಕಾದಿದ್ದು ದಂಡ ಆಗಲಿಲ್ಲ ನೋಡಿ!" ಕಾರಿಡಾರಿನ ಬೆಂಚಿನ ಮೇಲೆ ಕೂತವರೆಲ್ಲ ತಿರುಗಿ ನೋಡಿ ನಕ್ಕರು. ಸುದ್ದಿ ಹೇಳುವ ಸುಖ ಆಕೆಗೆ ಊಟಕ್ಕಿಂತ ಹೆಚ್ಚು. ಒಂದೊಂದು ಫೋನಿಗೂ ಸುದ್ದಿ ಸ್ವಲ್ಪ ಉದ್ದವಾಗುತ್ತಿತ್ತು.

ವಾಪಸು ಬಂದಾಗ ಮಗುವಿನ ಕೈಬೆರಳು ಸಣ್ಣಗೆ ನಡುಗುತ್ತಿತ್ತು. ಚಳಿ ಎಂದುಕೊಂಡು ಇನ್ನೊಂದು ಬಟ್ಟೆ ಸುತ್ತಿದಳು. ಆಮೇಲೆ ನಡುಕ ನಿಂತಿತು. ನೋಡಿದೆಯಾ, ಬೆಚ್ಚಗಾಯಿತು ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಳು. ಪಕ್ಕದ ಹಾಸಿಗೆಯ ಕೂಸು ವಾರ್ಡು ಕಿತ್ತುಹೋಗುವ ಹಾಗೆ ಕಿರುಚುತ್ತಿತ್ತು.

"ನಮ್ಮದು ನೋಡಿ," ಎಂದಳು ಮೈಕಮ್ಮ ಆ ಬಾಣಂತಿಗೆ, "ಹುಟ್ಟಿದಾಗಿಂದ ಕಮಕ್ ಕಿಮಕ್ ಅಂದಿಲ್ಲ. ಎಷ್ಟು ಸಾಧು! ಹಸು ಅಂದ್ರೆ ಹಸು."

ಆ ಮಾತಿಗೆ ಎಷ್ಟು ಹೊತ್ತಾಗಿತ್ತೋ, ದಾದಿ ಬಂದಳು. ಬಟ್ಟೆ ಬಿಚ್ಚಿದಳು. ಅಂಗಾಲಿಗೆ ಬೆರಳಿನಿಂದ ಚಿಮ್ಮಿದಳು. ಮಗು ಅಳಲಿಲ್ಲ. ಕೈ ಎತ್ತಿ ಬಿಟ್ಟಳು, ಕೈ ಒದ್ದೆ ಬಟ್ಟೆಯ ಹಾಗೆ ಕೆಳಗೆ ಬಿತ್ತು. ಹಿಮ್ಮಡಿಗೆ ಚುಚ್ಚಿದರೂ ಸದ್ದಿಲ್ಲ. ಯಂತ್ರ ನೋಡಿದ ದಾದಿಯ ಮುಖದ ಬಣ್ಣ ಹೋಯಿತು.

"ಹಾಲು ಕುಡೀತಾ?"

ಮೈಕಮ್ಮ ಬಾಯಿ ತೆರೆದಳು. "ಮಲಗಿತ್ತು..." ಎಂದಳು.

ದಾದಿ ಮುಂದಿನ ಮಾತು ಕೇಳಲು ನಿಲ್ಲಲಿಲ್ಲ. ಮಗುವನ್ನು ಎದೆಗವಚಿಕೊಂಡು ಓಡಿದಳು. ಅವಳ ಚಪ್ಪಲಿಯ ಸದ್ದು ಕಾರಿಡಾರಿನ ಕೊನೆಯವರೆಗೂ ಕೇಳಿಸಿತು. ಸೊಸೆ ಎಚ್ಚೆತ್ತದ್ದು ಆ ಸದ್ದಿಗೆ. ಎದ್ದವಳ ಕಣ್ಣಿಗೆ ಮೊದಲು ಬಿದ್ದದ್ದು ಖಾಲಿ ತೊಟ್ಟಿಲು.

"ಅತ್ತೆ, ಮಗು ಎಲ್ಲಿ?"

ಊರಿಗೆಲ್ಲ ಸುದ್ದಿ ಹೇಳಿದವಳು ಕಾರಿಡಾರಿನ ಕಡೆ ಬರಿದೆ ಕೈ ತೋರಿಸಿದಳು.

ಶಿಶು ಆರೈಕೆ ಕೋಣೆಗೆ ಗಾಜಿನ ಗೋಡೆ. ಅದರಾಚೆ ದೀಪದ ಕೆಳಗೆ ಮಗು ಮಲಗಿತ್ತು. ಪುಟ್ಟ ಕೈಗೆ ಪಟ್ಟಿ ಕಟ್ಟಿ ಗ್ಲೂಕೋಸ್ ನಳಿಕೆ ಸೇರಿಸಿದ್ದರು. ಮಕ್ಕಳ ಡಾಕ್ಟರು, ನಿದ್ದೆಗೆಟ್ಟ ಕಣ್ಣಿನ ಒಬ್ಬ ಹೆಂಗಸು, ಹೊರಗೆ ಬಂದು ಗಾಲಿಕುರ್ಚಿಯಲ್ಲಿದ್ದ ಸೊಸೆಯ ಎದುರು ಕುಕ್ಕುರುಗಾಲಿನಲ್ಲಿ ಕೂತಳು. ಮಗ ಆಗಲೇ ಬಂದು ನಿಂತಿದ್ದ, ಕೈಗೆ ಮೆತ್ತಿದ ಗ್ರೀಸು ಹಾಗೇ ಇತ್ತು.

"ಸಕ್ಕರೆ ತುಂಬಾ ಕೆಳಗೆ ಹೋಗಿತ್ತು. ಈಗ ಏರ್ತಾ ಇದೆ. ತುಂಬಾ ಹೊತ್ತು ಹಾಗೇ ಇದ್ದಿದ್ರೆ ಮಿದುಳಿಗೆ ಪೆಟ್ಟು ಆಗೋ ಸಾಧ್ಯತೆ ಇರುತ್ತೆ. ಬೇಗ ಸಿಕ್ತು ಅನ್ನೋದೇ ನಮ್ಮ ನಂಬಿಕೆ. ಆದ್ರೂ ನೋಡ್ತಾ ಇರಬೇಕು."

"ಯಾಕೆ ಹೀಗಾಯ್ತು?" ಎಂದಳು ಸೊಸೆ.

"ಹೊಟ್ಟೇಲಿ ಇದ್ದಾಗ ನಿಮ್ಮ ರಕ್ತದಿಂದ ಮಗೂಗೆ ಸಕ್ಕರೆ ಧಾರಾಳವಾಗಿ ಬರ್ತಿತ್ತು. ಅದನ್ನ ಕರಗಿಸೋಕೆ ಮಗು ತನ್ನ ಮೈಯಲ್ಲಿ ಇನ್ಸುಲಿನ್ ಜಾಸ್ತಿ ಮಾಡ್ಕೊಳ್ತಿತ್ತು. ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ಸಕ್ಕರೆ ಬರೋದು ನಿಂತುಹೋಯ್ತು. ಇನ್ಸುಲಿನ್ ಮಾತ್ರ ನಿಲ್ಲಲಿಲ್ಲ, ಇದ್ದಬದ್ದ ಸಕ್ಕರೆನೆಲ್ಲ ಎಳ್ಕೊಂಡುಬಿಡ್ತು. ಅದಕ್ಕೇ ಈ ಮಕ್ಕಳಿಗೆ ಮೊದಲ ದಿನ ಗಳಿಗೆಗಳಿಗೆಗೂ ಹಾಲು ಬೇಕು."

ಮೈಕಮ್ಮನಿಗೆ ತನ್ನ ಭಾಷೆಯಲ್ಲಿ ತಟ್ಟನೆ ಅರ್ಥವಾಯಿತು. ರಜೆಯ ಗದ್ದಲಕ್ಕೆಂದು ಬಿಟ್ಟ ಹೆಚ್ಚುವರಿ ಬಸ್ಸುಗಳು, ರಜೆ ಮುಗಿದು ಜನ ಖಾಲಿಯಾದರೂ ಓಡುತ್ತಲೇ ಇರುತ್ತಿದ್ದವಲ್ಲ, ಹಾಗೆ. ಹಾಗಾದರೆ ಮಗುವಿಗೆ 'ಕಮ್ಮಿ' ಒಳ್ಳೆಯ ಸುದ್ದಿಯಲ್ಲ. ಎಂದೂ ಆಗಿರಲಿಲ್ಲ.

ಸೊಸೆಗೆ ಕೇಳಿಸಿದ್ದೇ ಬೇರೆ. 'ನಿಮ್ಮ ರಕ್ತದಿಂದ' ಎಂಬಲ್ಲಿಗೇ ಅವಳ ಕಿವಿ ಮುಚ್ಚಿಹೋಗಿತ್ತು.

"ನಾನು ತಿಂದಿದೀನಿ," ಎಂದಳು ಗೋಡೆಗೆ ಹೇಳುವ ಹಾಗೆ. "ಕೊನೇ ತಿಂಗಳು. ಚಾಕೂಗೆ ಮೆತ್ತಿದ ಕ್ರೀಮನ್ನ ಎರಡು ಮೂರು ಸಲ ನೆಕ್ಕಿದೀನಿ."

"ಅದರಿಂದ ಹೀಗಾಗಲ್ಲಮ್ಮ," ಎಂದಳು ಡಾಕ್ಟರು, "ಎಷ್ಟು ಪಥ್ಯ ಮಾಡಿದವರ ಮಕ್ಕಳಿಗೂ ಆಗುತ್ತೆ." ಸೊಸೆ ಹೂಂ ಎಂದಳು. ನಂಬಿದ ಹೂಂ ಅದಲ್ಲ.

ಡಾಕ್ಟರು ಒಳಗೆ ಹೋದ ಮೇಲೆ ಮಗ ತಾಯಿಯನ್ನು ಕಿಟಕಿಯ ಹತ್ತಿರ ಕರೆದ. "ಅಮ್ಮಾ, ಅವಳು ಕದ್ದು ತಿಂತಿದ್ದಿದ್ದು ನಿಂಗೆ ಗೊತ್ತಿತ್ತಾ?"

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಬಾಯಿಗೆ ಬಂದಿತ್ತು ಕೂಡ. ಆದರೆ ಮಗನ ಕೆಂಪಾದ ಕಣ್ಣು ನೋಡಿ ಮಾತು ಗಂಟಲಲ್ಲೇ ನಿಂತಿತು, ಬಿಸಿ ತುಪ್ಪದ ಹಾಗೆ, ನುಂಗುವುದಕ್ಕೂ ಆಗದೆ ಉಗುಳುವುದಕ್ಕೂ ಆಗದೆ. ಮೈಕಮ್ಮ ಸುಮ್ಮನೆ ತಲೆ ತಗ್ಗಿಸಿದಳು. ಆ ತಗ್ಗಿದ ತಲೆಯನ್ನು ಮಗ ಹೌದು ಎಂದುಕೊಂಡ. ಹೆಂಡತಿಯ ಗಾಲಿಕುರ್ಚಿಯ ಹಿಂದೆ ಹೋಗಿ ನಿಂತನೇ ಹೊರತು ಅವಳ ಹೆಗಲ ಮೇಲೆ ಕೈ ಇಡಲಿಲ್ಲ. ಮಾತು ಆಡಿ ಮಾಡಿದ ತಪ್ಪಿಗಿಂತ ಆಡದೆ ಮಾಡಿದ ಈ ತಪ್ಪು ದೊಡ್ಡದೆಂದು ಮೈಕಮ್ಮನಿಗೆ ಆ ಗಳಿಗೆಯಲ್ಲೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಆಮೇಲೆ ಆಸ್ಪತ್ರೆಯ ಪ್ರತಿಯೊಂದು ಮಾತೂ ಆಕೆಗೇ ಬಂದು ತಗುಲುತ್ತಿತ್ತು. ನೆಲ ಒರೆಸುವವಳು ಯಾರಿಗೋ, "ಹೇಳಿದ ಮಾತು ಕೇಳೋ ಜನವೇ ಇಲ್ಲಪ್ಪಾ, ಒದ್ದೆ ಅಂದ್ರೂ ತುಳೀತಾರೆ," ಎಂದು ಗೊಣಗಿದರೆ ಮೈಕಮ್ಮ ಬೆಚ್ಚಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಇದರ ನಡುವೆ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಸುದ್ದಿ ದರ್ಜಿಯ ಅಂಗಡಿ ದಾಟಿ ಇಡೀ ಬೀದಿಗೆ ಮುಟ್ಟಿತ್ತು. "ಶುಗರ್ ಕಮ್ಮಿಯಂತೆ, ಸಂತೋಷ! ಇನ್ನಾದ್ರೂ ಸಕ್ಕರೆ ಡಬ್ಬಿ ಕೆಳಗಿಳಿಸ್ತೀರಾ ಹೇಗೆ?" ಎಂದು ದರ್ಜಿ ನಕ್ಕ. ಆಕೆ ಏನೂ ಹೇಳದೆ ಫೋನು ಆರಿಸಿ ಚೀಲದ ತಳಕ್ಕೆ ತುರುಕಿದಳು. ನಿಲ್ದಾಣದಲ್ಲಿ ಯಾವ ಹುಡುಗಿಯಾದರೂ ಹೀಗೆ ಮಾಡಿದ್ದರೆ ಆಕೆ ಕೆಲಸದಿಂದ ಎಬ್ಬಿಸಿ ಮನೆಗೆ ಕಳಿಸುತ್ತಿದ್ದಳು.

ಮಾರನೆಯ ಬೆಳಗ್ಗೆ ಡಾಕ್ಟರು ಸ್ವಲ್ಪ ಹಗುರಾದ ಮುಖದಲ್ಲಿ ಬಂದಳು. ಸಕ್ಕರೆ ನಿಲ್ಲುತ್ತಿದೆ, ಗ್ಲೂಕೋಸನ್ನು ಮೆಲ್ಲಗೆ ಇಳಿಸುತ್ತ ಹೋಗಬೇಕು, ಅದಕ್ಕೆ ತಾಯಿಯ ಹಾಲು ಶುರುವಾಗಬೇಕು ಎಂದಳು. ಸೊಸೆಯನ್ನು ಶಿಶು ಕೋಣೆಯ ಒಳಗೆ ಕರೆದೊಯ್ದರು. ಅತ್ತೆಯೂ ಮಗನೂ ಕೈಕಾಲು ತೊಳೆದು ಹಿಂದೆ ಹೋದರು. ಅದೇ ದಾದಿ ಮಗುವನ್ನು ಎತ್ತಿ ಸೊಸೆಯ ಮುಂದೆ ಹಿಡಿದಳು.

ಸೊಸೆ ಕೈ ಚಾಚಲಿಲ್ಲ.

"ಡಬ್ಬಿ ಹಾಲು ಕೊಡಿ. ನನ್ನ ಹಾಲು ಬೇಡ."

"ಯಾಕಮ್ಮಾ? ಇದಕ್ಕಿಂತ ಒಳ್ಳೇ ಔಷಧಿ ಇಲ್ಲ ಮಗೂಗೆ."

"ನನ್ನ ರಕ್ತವೇ ಅದಕ್ಕೆ ವಿಷ ಆಯ್ತಲ್ಲ. ಹಾಲು ಮಾತ್ರ ಬೇರೆ ಎಲ್ಲಿಂದ ಬರುತ್ತೆ?" ಸೊಸೆಯ ದನಿ ಸಪ್ಪೆಯಾಗಿತ್ತು. "ಅತ್ತೆ ಮೊದಲೇ ಹೇಳಿದ್ರು. ನನ್ನ ನಾಲಿಗೆ ಚಪಲಕ್ಕೆ ಮಗು ಅನುಭವಿಸುತ್ತೆ ಅಂತ. ಹಾಗೇ ಆಯ್ತು. ನಾನು ಮುಟ್ಟಲ್ಲ."

ಅವಳು ಮುಖ ಗೋಡೆಯ ಕಡೆ ತಿರುಗಿಸಿದಳು. ಎದೆಯ ಮೇಲಿನ ಬಟ್ಟೆ ಹಾಲಿಳಿದು ಒದ್ದೆಯಾಗಿತ್ತು. ಡಾಕ್ಟರು ಸಮಾಧಾನ ಹೇಳಿದಳು, ದಾದಿ ಹೇಳಿದಳು, ಗಂಡ ಮೆಲ್ಲಗೆ ಏನೋ ಹೇಳಿದ. ಅವಳು ಯಾರ ಮಾತಿಗೂ ತಿರುಗಲಿಲ್ಲ. ದಾದಿಯ ತೋಳಿನಲ್ಲಿ ಮಗು ಗಾಳಿಗೆ ಬಾಯಿ ತೆರೆದು ಮುಚ್ಚುತ್ತಿತ್ತು.

ಮೈಕಮ್ಮ ನೋಡುತ್ತ ನಿಂತಳು. ನಿನ್ನೆಯಿಂದ ತನ್ನ ಮರ್ಯಾದೆಯೊಂದೇ ಲೆಕ್ಕದಲ್ಲಿತ್ತು. ಈಗ ತನ್ನ ಒಂದು ಸುಳ್ಳುಮೌನಕ್ಕೆ ಆ ಕೂಸು ಎರಡನೆಯ ಸಲ ಹಸಿದು ಕೂತಿತ್ತು.

"ತಪ್ಪು ನಂದು," ಎಂದಳು.

ಯಾರಿಗೂ ಕೇಳಿಸಲಿಲ್ಲ. ಅಷ್ಟು ಸಣ್ಣ ದನಿ ತನ್ನದೇ ಎಂದು ಆಕೆಗೇ ನಂಬಿಕೆ ಬರಲಿಲ್ಲ. ಮೆಲ್ಲಗೆ ಹೇಳಿದರೆ ಅದು ತಿದ್ದಿದಂತಲ್ಲ, ಮುಚ್ಚಿಟ್ಟಂತೆ. ಯಾವ ಹುಡುಗಿಯರಿಗೆ ಕಲಿಸಿದ್ದಳೋ ಅವರೆಲ್ಲ ಸಾಲಾಗಿ ನಿಂತು ಕೇಳುತ್ತಿದ್ದಾರೆ ಅನ್ನಿಸಿತು. ಆಕೆ ಉಸಿರು ಎಳೆದುಕೊಂಡಳು.

"ತಪ್ಪು ನಂದು!" ಎಂದಳು. ಈ ಸಲ ಬಂದದ್ದು ನಿಲ್ದಾಣದ ದನಿ. ಗಾಜಿನ ಗೋಡೆಯ ಆಚೆ ಬೆಂಚಿನ ಮೇಲೆ ಕೂತವರೂ ಕತ್ತು ಎತ್ತಿದರು. "ಮಗೂಗೆ ಶುಗರ್ ಕಮ್ಮಿ ಇದೆ, ತಾಯೀನ ಎಬ್ಬಿಸಿ ಹಾಲು ಕುಡಿಸಿ ಅಂತ ಈ ಸಿಸ್ಟರ್ ನಿನ್ನೆ ನನಗೆ ಹೇಳಿದ್ರು. ನಾನು ಎಬ್ಬಿಸಲಿಲ್ಲ. ಕಮ್ಮಿ ಅಂದ್ರೆ ಒಳ್ಳೇದು ಅಂದ್ಕೊಂಡೆ. ಊರಿಗೆಲ್ಲ ಫೋನ್ ಮಾಡ್ತಾ ಕೂತೆ. ಮಗು ನಡುಗ್ತು, ಚಳಿ ಅಂದೆ. ಸುಮ್ಮನಾಯ್ತು, ಸಾಧು ಅಂದೆ. ಇವಳು ತಿಂದಿದ್ದರಿಂದ ಏನೂ ಆಗಿಲ್ಲ. ಆವತ್ತು ನಾನು ಇವಳಿಗೆ ಆಡಿದ್ದು ಕೆಟ್ಟ ಬಾಯಿಯ ಮಾತು, ಅದೂ ಸುಳ್ಳು."

ದಾದಿ ನೆಲ ನೋಡುತ್ತ, "ಹೂಂ ಅಂದ್ರಲ್ಲ, ಎದ್ರು ಅಂದ್ಕೊಂಡೆ. ನಿಂತು ನೋಡ್ಬೇಕಿತ್ತು ನಾನೂ," ಎಂದಳು. ಮಗ ತಾಯಿಯ ಕಡೆ ತಿರುಗಿದ. ಆ ನೋಟವನ್ನು ಮೈಕಮ್ಮ ಸಾಯುವತನಕ ಮರೆಯುವಂತಿರಲಿಲ್ಲ. ಅವನು ಹೋಗಿ ಹೆಂಡತಿಯ ಪಕ್ಕ ಮಂಡಿಯೂರಿ ಕೂತು ಅವಳ ಕೈ ಹಿಡಿದುಕೊಂಡ.

ಸೊಸೆ ನಿಧಾನವಾಗಿ ಗೋಡೆಯಿಂದ ಮುಖ ತಿರುಗಿಸಿದಳು. ಅತ್ತೆಯನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು.

"ಇನ್ನೊಂದ್ಸಲ ಹೇಳಿ ಅತ್ತೆ."

ಎರಡನೆಯ ಸಲ ಹೇಳುವುದು ಎಷ್ಟು ಕಷ್ಟ ಎಂದು ಮೈಕಮ್ಮ ಯಾವ ಹುಡುಗಿಗೂ ಕಲಿಸಿರಲಿಲ್ಲ. ಮೊದಲ ಸಲ ಸಂಕಟ ತಾನಾಗಿಯೇ ಹೊರದಬ್ಬುತ್ತದೆ, ಎರಡನೆಯ ಸಲ ತಾನೇ ನಿಂತು ಹೇಳಬೇಕು. ಆಕೆ ಹೇಳಿದಳು. ಅದೇ ದನಿಯಲ್ಲಿ, ಒಂದು ಮಾತೂ ಬಿಡದೆ. ಕೊನೆಗೆ, ಮೊದಲ ಸಲ ನುಂಗಿಕೊಂಡದ್ದನ್ನೂ ಸೇರಿಸಿದಳು: "ಸಿಸ್ಟರ್ ಹೇಳಿದ್ದು ಕೇಳಿಸಲಿಲ್ಲ ಅಂತಲ್ಲ. ಪೂರ್ತಿ ಕೇಳಿಸಿತ್ತು. ಕೇಳಿಸಿಯೂ ಎಬ್ಬಿಸಲಿಲ್ಲ. ನಿನ್ನೆ ಇವನು ಕೇಳಿದಾಗಲೂ ಸುಮ್ಮನಿದ್ದೆ."

"ನಿನ್ನೆಯಿಂದ ನಾನು ಸತ್ತು ಸತ್ತು ಹುಟ್ತಿದೀನಿ ಅತ್ತೆ," ಎಂದಳು ಸೊಸೆ. "ಪಕ್ಕದಲ್ಲೇ ಕೂತಿದ್ರಿ. ನನ್ನ ತಲೆ ಸವರ್ತಾ ಇದ್ರಿ. ಒಂದು ಮಾತು. ಇಷ್ಟೆಲ್ಲ ಮಾತಾಡೋರು, ಒಂದು ಮಾತು ಹೇಳೋಕಾಗಲಿಲ್ವಾ ನಿಮಗೆ?"

ಆ ಮನೆಗೆ ಬಂದ ಮೇಲೆ ಸೊಸೆ ಆಡಿದ ಅತಿ ಉದ್ದದ ಮಾತು ಅದು. ಕ್ಷಮಿಸು ಎನ್ನಲೂ ಮೈಕಮ್ಮನಿಗೆ ನಾಚಿಕೆಯಾಯಿತು.

"ಡಾಕ್ಟ್ರೇ," ಎಂದಳು ಆಕೆ, "ನಾನು ಎಬ್ಬಿಸಿದ್ದಿದ್ರೆ ಹೀಗಾಗ್ತಿರಲಿಲ್ಲ ಅಲ್ವಾ?"

ಡಾಕ್ಟರು ಸುಳ್ಳು ಸಮಾಧಾನ ಹೇಳುವ ಪೈಕಿಯವಳಲ್ಲ. "ಹೇಳೋಕಾಗಲ್ಲ. ಕುಡಿಸಿದ್ರೂ ಇಳೀಬಹುದಿತ್ತು. ಇಷ್ಟು ಇಳೀತಿರಲಿಲ್ಲವೇನೋ. ಈಗ ಆಗಬೇಕಾಗಿರೋದು ಮುಂದಿನ ಹಾಲು."

ಸೊಸೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎರಡೂ ಕೈ ಚಾಚಿದಳು. ದಾದಿ ನಳಿಕೆ ಎಳೆಯದ ಹಾಗೆ ಮಗುವನ್ನು ತೊಡೆಯ ಮೇಲೆ ಮಲಗಿಸಿ ಎದೆಗೆ ಹಚ್ಚಿದಳು. ಮಗು ಹುಡುಕಿತು, ಕಚ್ಚಿಕೊಂಡಿತು, ಎರಡು ಗುಟುಕು ಎಳೆಯಿತು. ಮೂರನೆಯದಕ್ಕೆ ಬಾಯಿ ಸಡಿಲವಾಯಿತು, ರೆಪ್ಪೆ ಇಳಿಯಿತು. ಹಾಲಿನ ಒಂದು ಹನಿ ಕೆನ್ನೆಯ ಮೇಲಿಂದ ಜಾರಿತು.

ಸೊಸೆ ತಲೆ ಎತ್ತಿ ದಾದಿಯನ್ನೂ ನೋಡಲಿಲ್ಲ, ಗಂಡನನ್ನೂ ನೋಡಲಿಲ್ಲ.

"ಮಲಗಿಬಿಟ್ಳು ಅತ್ತೆ," ಎಂದಳು. "ಎಬ್ಬಿಸಿ."

ಮೈಕಮ್ಮ ಹತ್ತಿರ ಬಂದು ಬಗ್ಗಿದಳು. ಬಟ್ಟೆಯಿಂದ ಹೊರಗೆ ಇಣುಕಿದ ಪಾದ ಆಕೆಯ ಹೆಬ್ಬೆರಳಿಗಿಂತ ಸ್ವಲ್ಪವೇ ಉದ್ದವಿತ್ತು. ಹಿಮ್ಮಡಿಯ ತುಂಬ ಸೂಜಿಯ ಕೆಂಪು ಚುಕ್ಕೆಗಳು. ಆ ಪಾದವನ್ನು ನೋಯಿಸಬೇಕೆಂದರೆ ಕೈ ಬರಲಿಲ್ಲ. ಬೆರಳಿನ ತುದಿಯಿಂದ ಅಂಗಾಲನ್ನು ಸವರಿದಳು. ಮಗು ಅಲುಗಲಿಲ್ಲ.

"ಜೋರಾಗಿ ಅತ್ತೆ," ಎಂದಳು ಸೊಸೆ.

ಮೈಕಮ್ಮ ಕಣ್ಣು ಮುಚ್ಚಿಕೊಂಡು ಅಂಗಾಲಿಗೆ ಬೆರಳು ಚಿಮ್ಮಿದಳು. ಮಗು ಬೆಚ್ಚಿ ಕಾಲು ಎಳೆದುಕೊಂಡಿತು. ಮುಖ ಕಿವುಚಿ, ಕೆಂಪಗಾಗಿ, ಕೋಣೆಯೆಲ್ಲ ತುಂಬುವ ಹಾಗೆ ಕಿರುಚಿತು. ಸೊಸೆ ಆ ತೆರೆದ ಬಾಯಿಗೆ ಎದೆ ಕೊಟ್ಟಳು. ಕಿರುಚಾಟ ನಿಂತು ಗುಟುಕಿನ ಸದ್ದು ಶುರುವಾಯಿತು.

"ಕೈ ತೆಗೀಬೇಡಿ," ಎಂದಳು ಸೊಸೆ. "ಮತ್ತೆ ಮಲಗ್ತಾಳೆ."

"ಹೂಂ," ಎಂದಳು ಮೈಕಮ್ಮ.